ವಿಕಿರಣದ ಹೀರಿಕೆ ಮತ್ತು ಅವಶೋಷಕತೆಯ ಅರ್ಥ

ಪೀಠಿಕೆ

ಜನರು ಜಿಂಕ್ ಷೀಟೆಂದು ಕರೆಯುವ, ಸತುವಿನ ಲೇಪವುಳ್ಳ ಹೊಸ ಕಬ್ಬಿಣದ ತಗಡಿನಿಂದ ಒಂದೇ ಅಳತೆಯ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳೋಣ. ಒಂದನ್ನು ಹಾಗೆಯೇ ಬಿಟ್ಟು ಇನ್ನೊಂದಕ್ಕೆ ಸುಣ್ಣವನ್ನು ದಪ್ಪವಾಗಿ ಬಳಿದು ಒಣಗಿಸಿ, ಎರಡನ್ನೂ ಬೇಸಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಒಂದರ ಪಕ್ಕದಲ್ಲಿ ಒಂದನ್ನು ಇಡೋಣ. ಅರ್ಧ ಗಂಟೆಯ ತರುವಾಯ ಮುಟ್ಟಿ ನೋಡಿದರೆ, ಹೊಳೆಯುವ ತಗಡಿನ ಮೇಲೆ ಕೈಯಿಡುವುದು ಕಷ್ಟವಾಗುತ್ತದೆ. ಸುಣ್ಣ ಬಳಿದ ತಗಡು ಅಷ್ಟಾಗಿ ಕಾದಿರುವುದಿಲ್ಲ. ಬೇಸಗೆ ಬಂದೊಡನೆ ತಗಡಿನ ಮಾಡಿಗೆ ಸುಣ್ಣ ಬಳಿಯುವವರಿಗೆ ಈ ಸಂಗತಿ ಹೊಸದಲ್ಲ.

ಆದರೆ ನಮ್ಮ ವಿದ್ಯಾರ್ಥಿಗೆ ಇದು ಒಗಟಾಗಿ ತೋರುತ್ತದೆ. ಕಪ್ಪು ಮೈ ವಿಕಿರಣವನ್ನು ಚೆನ್ನಾಗಿ ಹೀರುತ್ತದೆ, ಹೊಳೆಯುವ ಮೈ ಅದನ್ನು ಪ್ರತಿಫಲಿಸುತ್ತದೆ ಎಂದು ಅವನು ಪ್ರೌಢಶಾಲೆಯಲ್ಲಿಯೇ ಕಲಿತಿದ್ದಾನೆ. ಹಾಗಿರುವಲ್ಲಿ ಕನ್ನಡಿಯಂತೆ ಮಿನುಗುವ ತಗಡು ಮಂಕಾದ ಸುಣ್ಣಕ್ಕಿಂತ ಹೆಚ್ಚು ಕಾಯುವುದೇಕೆ? ಪಾಠದಲ್ಲಿ ಹೇಳಿದ್ದು ಸುಳ್ಳೆ? ಸುಳ್ಳಲ್ಲ, ಆದರೆ ಅದು ಅಪೂರ್ಣ. ಅವಶೋಷಕತೆಯನ್ನು ವಸ್ತುವಿಗೆ ಅಂಟಿಕೊಂಡಿರುವ ಒಂದೇ ಸಂಖ್ಯೆಯೆಂದು ಭಾವಿಸಿದ್ದರಿಂದ ಈ ತೊಡಕು ಹುಟ್ಟಿದೆ. ವಾಸ್ತವವಾಗಿ ಅದು ಮೈಗೂ ಅದರ ಮೇಲೆ ಬೀಳುವ ವಿಕಿರಣಕ್ಕೂ ಇರುವ ಸಂಬಂಧವನ್ನು ಹೇಳುವ ಸಂಖ್ಯೆ. ಎರಡರಲ್ಲಿ ಯಾವುದು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಈ ಮಾತನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅರ್ಥನಿರೂಪಣೆ

ಒಂದು ವಸ್ತುವಿನ ಮೇಲೆ ವಿಕಿರಣವು ಬಿದ್ದಾಗ ಅದಕ್ಕೆ ಮೂರು ಗತಿಗಳುಂಟು. ಒಂದು ಭಾಗ ಪ್ರತಿಫಲನಗೊಂಡು ಹಿಂದಿರುಗುತ್ತದೆ. ಒಂದು ಭಾಗ ವಸ್ತುವನ್ನು ಹಾಯ್ದು ಆಚೆಗೆ ಹೋಗುತ್ತದೆ. ಉಳಿದ ಭಾಗವನ್ನು ವಸ್ತು ಹೀರಿಕೊಳ್ಳುತ್ತದೆ. ಬಿದ್ದ ಶಕ್ತಿಯಲ್ಲಿ ಹೀರಲ್ಪಟ್ಟ ಅಂಶವೇ ಅವಶೋಷಕತೆ. ಹಾಗೆಯೇ ಹಿಂದಿರುಗಿದ ಅಂಶ ಪ್ರತಿಫಲಕತೆ, ಹಾಯ್ದುಹೋದ ಅಂಶ ಪಾರಗಾಮಿತೆ. ಶಕ್ತಿಯು ನಾಶವಾಗದಾದ್ದರಿಂದ,

ಅವಶೋಷಕತೆ + ಪ್ರತಿಫಲಕತೆ + ಪಾರಗಾಮಿತೆ = 1.

ಇವು ಅಂಶಗಳಾದುದರಿಂದ ಇವುಗಳಿಗೆ ಏಕಮಾನವಿಲ್ಲ. ಬೆಲೆಯು 0 ಮತ್ತು 1ರ ನಡುವೆ ಇರುತ್ತದೆ. ತಗಡು, ಗೋಡೆ ಮೊದಲಾದ ಅಪಾರದರ್ಶಕ ವಸ್ತುಗಳಲ್ಲಿ ಪಾರಗಾಮಿತೆ ಸೊನ್ನೆ. ಆದಕಾರಣ ಅಲ್ಲಿ ಪ್ರತಿಫಲಕತೆಯನ್ನು ಅಳೆದು ಒಂದರಿಂದ ಕಳೆದರೆ ಅವಶೋಷಕತೆ ದೊರಕುತ್ತದೆ. ಹಾಗೆ ಅಳೆಯುವಾಗ ಕನ್ನಡಿಯಂತೆ ಒಂದೇ ದಿಕ್ಕಿಗೆ ಹೋಗುವ ಪ್ರತಿಫಲನವನ್ನಷ್ಟೇ ಅಲ್ಲದೆ, ಎಲ್ಲ ದಿಕ್ಕುಗಳಿಗೂ ಚೆದರಿಹೋದ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸುಣ್ಣದ ಮೈಯಲ್ಲಿ ನಮ್ಮ ಮುಖ ಕಾಣದು. ಆದರೂ ಅದು ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಹೊಳಪು ಬೇರೆ, ಪ್ರತಿಫಲಕತೆ ಬೇರೆ. ನಮ್ಮ ಒಗಟಿನ ಮೊದಲನೆಯ ಗಂಟು ಇಲ್ಲಿ ಸಡಿಲವಾಗುತ್ತದೆ.

ಎರಡನೆಯ ಗಂಟು ಇನ್ನೂ ಬಿಗಿಯಾದುದು. ಮೇಲಿನ ಅರ್ಥನಿರೂಪಣೆಯಲ್ಲಿ 'ಬಿದ್ದ ವಿಕಿರಣ' ಎಂದೆವು. ಯಾವ ವಿಕಿರಣವೆಂದು ಹೇಳಲಿಲ್ಲ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್. ಅದರ ವಿಕಿರಣವು 0.5 ಮೈಕ್ರೊಮೀಟರಿನ ತರಂಗದೂರದ ಬಳಿ ಅತ್ಯಂತ ತೀವ್ರವಾಗಿರುತ್ತದೆ. ಅದರ ಶಕ್ತಿಯಲ್ಲಿ ಶೇಕಡ 94ರಷ್ಟು 2 ಮೈಕ್ರೊಮೀಟರಿಗಿಂತ ಕಡಿಮೆಯ ತರಂಗದೂರಗಳಲ್ಲಿಯೇ ಅಡಕವಾಗಿದೆ. ನಮ್ಮ ಸುತ್ತಲಿನ ನೆಲ, ಗೋಡೆ, ಮೈಕೈಗಳ ಉಷ್ಣತೆಯಾದರೋ 300 ಕೆಲ್ವಿನ್ನಿನ ಆಸುಪಾಸಿನದು. ಇವುಗಳ ವಿಕಿರಣವು 10 ಮೈಕ್ರೊಮೀಟರಿನ ಬಳಿ ತೀವ್ರವಾಗಿದ್ದು, 2 ಮೈಕ್ರೊಮೀಟರಿನ ಕೆಳಗೆ ಇಲ್ಲವೆನ್ನುವಷ್ಟು ಅಲ್ಪವಾಗಿರುತ್ತದೆ. ಹೀಗೆ ಬಿಸಿಲೂ ನೆಲದ ಕಾವೂ ಒಂದನ್ನೊಂದು ಬಹುಮಟ್ಟಿಗೆ ಸೋಕದ ಎರಡು ಪ್ರದೇಶಗಳಿಗೆ ಸೇರಿದವು.

ಈಗ ಒಂದು ಕಲ್ಪಿತ ಮೈಯನ್ನು ತೆಗೆದುಕೊಳ್ಳೋಣ. 2 ಮೈಕ್ರೊಮೀಟರಿನ ಕೆಳಗೆ ಅದರ ಅವಶೋಷಕತೆ 0.1, ಅದರಿಂದ ಮೇಲೆ 0.9 ಎಂದಿರಲಿ. ಅದರ ಮೇಲೆ ಬಿಸಿಲು ಬಿದ್ದರೆ, ಒಂದೊಂದು ಭಾಗವನ್ನೂ ಅದರದರ ಶಕ್ತಿಯಿಂದ ತೂಗಿ ಕೂಡಿಸಬೇಕು:

0.94 × 0.1 + 0.06 × 0.9 = 0.15 (ಸುಮಾರು).

ಅದೇ ಮೈಯ ಮೇಲೆ 300 ಕೆಲ್ವಿನ್ನಿನ ಗೋಡೆಯ ವಿಕಿರಣ ಬಿದ್ದರೆ ಅವಶೋಷಕತೆ 0.9. ಮೈ ಒಂದೇ, ಸಂಖ್ಯೆಗಳು ಎರಡು. ಯಾವ ಸಂಖ್ಯೆ 'ನಿಜವಾದ' ಅವಶೋಷಕತೆ ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ. ಒಂದೊಂದು ತರಂಗದೂರಕ್ಕೂ ಬೇರೆಬೇರೆಯಾಗಿ ಹೇಳುವ ಅವಶೋಷಕತೆಯೇ ಮೂಲಭೂತವಾದುದು. ಕೋಷ್ಟಕಗಳಲ್ಲಿ ಕಾಣುವ ಒಂಟಿ ಸಂಖ್ಯೆಗಳೆಲ್ಲ ಯಾವುದೋ ಒಂದು ಆಕರದ ವಿಕಿರಣಕ್ಕೆ ಅನುಗುಣವಾಗಿ ತೆಗೆದ ಸರಾಸರಿಗಳು. ಅವು ಬಿದ್ದ ಕೋನವನ್ನೂ ಮೈಯ ಒರಟುತನ, ಕೊಳೆ, ತೇವಗಳನ್ನೂ ಅವಲಂಬಿಸುತ್ತವೆ.

ಪ್ರಕೃತಿಯಲ್ಲಿ ಇದಕ್ಕೆ ಹಿಮವು ಸೊಗಸಾದ ನಿದರ್ಶನ. ಹೊಸದಾಗಿ ಬಿದ್ದ ಹಿಮವು ಬಿಸಿಲಿನ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ಹಿಂದಿರುಗಿಸುತ್ತದೆ. ಆದರೆ 10 ಮೈಕ್ರೊಮೀಟರಿನ ವಿಕಿರಣಕ್ಕೆ ಅದೇ ಹಿಮವು ಕಾಡಿಗೆಯಷ್ಟೇ 'ಕಪ್ಪು'. ಬೆಂಜಮಿನ್ ಫ್ರಾಂಕ್ಲಿನ್ನನು 1761ರ ಒಂದು ಪತ್ರದಲ್ಲಿ, ಬಿಸಿಲಿನಲ್ಲಿ ಹಿಮದ ಮೇಲೆ ಬೇರೆಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಹರಡಿದ ಪ್ರಯೋಗವನ್ನು ವರ್ಣಿಸಿದ್ದಾನೆ. ಕೆಲವು ಗಂಟೆಗಳಲ್ಲಿ ಕಪ್ಪು ತುಂಡು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿಯದು ಇದ್ದಲ್ಲಿಯೇ ಇತ್ತು. ಪ್ರಯೋಗ ನಿರ್ದುಷ್ಟವಾದುದು. ಆದರೆ ಅದು ತೋರಿಸಿದ್ದು ಬಿಸಿಲಿನ ಅವಶೋಷಕತೆಯನ್ನು ಮಾತ್ರ.

ಹೀರಿಕೆಯ ಒಳಗುಟ್ಟು

ಒಂದು ವಸ್ತು ಒಂದು ತರಂಗದೂರವನ್ನು ಹೀರಿ ಇನ್ನೊಂದನ್ನು ಬಿಡುವುದೇಕೆ? ವಿಕಿರಣವು ಶಕ್ತಿಯ ಕಂತುಗಳಾಗಿ, ಎಂದರೆ ಫೋಟಾನುಗಳಾಗಿ, ವಸ್ತುವಿಗೆ ಸಲ್ಲುತ್ತದೆ. 0.5 ಮೈಕ್ರೊಮೀಟರಿನ ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 2.5 ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯಿದ್ದರೆ, 10 ಮೈಕ್ರೊಮೀಟರಿನ ಅವಕೆಂಪು ಫೋಟಾನಿನಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ಆ ಕಂತನ್ನು ಹಾಗೆಯೇ ಒಪ್ಪಿಕೊಳ್ಳಬಲ್ಲ ಏರ್ಪಾಡು ವಸ್ತುವಿನಲ್ಲಿದ್ದರೆ ಹೀರಿಕೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ದೊಡ್ಡ ಕಂತುಗಳನ್ನು ಸಾಮಾನ್ಯವಾಗಿ ಎಲೆಕ್ಟ್ರಾನುಗಳು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಏರಿ ಸ್ವೀಕರಿಸುತ್ತವೆ. ಚಿಕ್ಕ ಕಂತುಗಳನ್ನು ಅಣುಗಳ ಮತ್ತು ಸ್ಫಟಿಕಜಾಲದ ಕಂಪನಗಳು ಸ್ವೀಕರಿಸುತ್ತವೆ. ಹೀಗೆ ಸ್ವೀಕೃತವಾದ ಶಕ್ತಿ ಬಹುತೇಕ ಸಂದರ್ಭಗಳಲ್ಲಿ ಅಕ್ಕಪಕ್ಕದ ಕಣಗಳಿಗೆ ಹಂಚಿಹೋಗಿ ಶಾಖವಾಗಿ ಪರಿಣಮಿಸುತ್ತದೆ.

ನಮ್ಮ ಸುಣ್ಣವನ್ನೇ ಪರಿಶೀಲಿಸೋಣ. ಬಳಿದ ಸುಣ್ಣವು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡಿನೊಡನೆ ಸೇರಿ ಕ್ರಮೇಣ ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಅದರಲ್ಲಿ ಎಲೆಕ್ಟ್ರಾನುಗಳು ಏರಬೇಕಾದ ಮಟ್ಟವು ಬಹಳ ಎತ್ತರದಲ್ಲಿರುವುದರಿಂದ ಕಾಣುವ ಬೆಳಕಿನ ಫೋಟಾನುಗಳು ಅದಕ್ಕೆ ಸಾಲವು. ಸಣ್ಣಸಣ್ಣ ಹರಳುಗಳ ನಡುವೆ ಬೆಳಕು ಮತ್ತೆಮತ್ತೆ ಚೆದರಿ ಹೊರಬೀಳುತ್ತದೆ. ಮೈ ಬೆಳ್ಳಗೆ ಕಾಣುತ್ತದೆ. ಆದರೆ ಕಾರ್ಬೊನೇಟು ಅಯಾನಿನ ಕಂಪನಗಳು 7 ಮೈಕ್ರೊಮೀಟರಿನ ಬಳಿಯಲ್ಲಿಯೂ 11.4 ಮೈಕ್ರೊಮೀಟರಿನ ಬಳಿಯಲ್ಲಿಯೂ ಪ್ರಬಲವಾಗಿ ಹೀರುತ್ತವೆ. ಸುಣ್ಣದ ಬಿಳುಪಿಗೆ ಕಾರಣವಾದದ್ದು ಒಂದು, ಅವಕೆಂಪಿನಲ್ಲಿ ಅದು ಕಪ್ಪಾಗಿರುವುದಕ್ಕೆ ಕಾರಣವಾದದ್ದು ಇನ್ನೊಂದು.

ಲೋಹದ ರೀತಿ ಇದಕ್ಕೆ ವಿಪರೀತ. ಅಲ್ಲಿನ ಸ್ವತಂತ್ರ ಎಲೆಕ್ಟ್ರಾನುಗಳು ದೀರ್ಘ ತರಂಗಗಳಿಗೆ ಸುಲಭವಾಗಿ ಓಗೊಟ್ಟು ಅವನ್ನು ಬಾಗಿಲಲ್ಲಿಯೇ ಹಿಂದಿರುಗಿಸುತ್ತವೆ. ಆದುದರಿಂದ ಅವಕೆಂಪಿನಲ್ಲಿ ಲೋಹದ ಅವಶೋಷಕತೆ ಬಹಳ ಕಡಿಮೆ. ತರಂಗದೂರ ಕಿರಿದಾದಂತೆ ಬದ್ಧ ಎಲೆಕ್ಟ್ರಾನುಗಳೂ ಭಾಗವಹಿಸಲಾರಂಭಿಸಿ ಹೀರಿಕೆ ಹೆಚ್ಚುತ್ತದೆ. ಸತುವಿನಲ್ಲಿ ಈ ಹೆಚ್ಚಳ 1 ಮೈಕ್ರೊಮೀಟರಿನ ಸುತ್ತಮುತ್ತ, ಕಣ್ಣಿಗೆ ಕಾಣದ ಎಡೆಯಲ್ಲಿಯೇ, ಎದ್ದು ತೋರುತ್ತದೆ. ಬಿಸಿಲಿನ ಶಕ್ತಿಯ ಸುಮಾರು ಅರ್ಧಭಾಗ ಅವಕೆಂಪಿಗೆ ಸೇರಿದ್ದು. ಅದರಲ್ಲಿ ಏನು ನಡೆಯುತ್ತಿದೆ ಎಂಬುದರ ಸುಳಿವು ನಮ್ಮ ಕಣ್ಣಿಗೆ ಇಲ್ಲವೇ ಇಲ್ಲ. ತಗಡಿನ ಹೊಳಪನ್ನು ನೋಡಿ ನಾವು ಮೋಸಹೋದದ್ದು ಹೀಗೆ.

ಅವಶೋಷಕತೆ ಮತ್ತು ಅವಶೋಷಣ ಗುಣಾಂಕ

ಇಲ್ಲಿ ಪರಿಭಾಷೆಯ ಒಂದು ಗೊಂದಲವನ್ನು ನಿವಾರಿಸಬೇಕು. ಭೌತಶಾಸ್ತ್ರದ ತರಗತಿಯಿಂದ ಎದ್ದು ರಸಾಯನಶಾಸ್ತ್ರದ ತರಗತಿಗೆ ಹೋಗುವ ವಿದ್ಯಾರ್ಥಿ ಅಲ್ಲಿಯೂ 'ಆಬ್ಸಾರ್ಪ್ಟಿವಿಟಿ' ಎಂಬ ಮಾತನ್ನೇ ಕೇಳುತ್ತಾನೆ. ಆದರೆ ಅರ್ಥ ಬೇರೆ.

ವಸ್ತುವಿನ ಒಳಹೊಕ್ಕ ವಿಕಿರಣವು ಮುಂದುವರಿದಂತೆ ಕ್ಷೀಣಿಸುತ್ತದೆ. ಸಮಾನ ದಪ್ಪದ ಒಂದೊಂದು ಪದರವೂ ತನ್ನನ್ನು ಪ್ರವೇಶಿಸಿದ ಬೆಳಕಿನ ಸಮಾನ ಅಂಶವನ್ನು ಹೀರುತ್ತದೆ ಎಂಬುದನ್ನು ಫ್ರಾನ್ಸಿನ ಬುಗೇ 1729ರಲ್ಲಿ ಕಂಡುಹಿಡಿದನು. ಲ್ಯಾಂಬರ್ಟನು 1760ರಲ್ಲಿ ಅದನ್ನು ಗಣಿತರೂಪದಲ್ಲಿ ನಿರೂಪಿಸಿದನು. 1852ರಲ್ಲಿ ಬೇರ್ ಎಂಬುವನು ದ್ರಾವಣದ ಸಾರತೆಗೂ ಅದನ್ನು ಅನ್ವಯಿಸಿದನು. ಈ ಕ್ಷೀಣತೆಯ ದರವೇ ಅವಶೋಷಣ ಗುಣಾಂಕ. ಅದು ಸೆಂಟಿಮೀಟರಿಗೆ 1 ಎಂದಿದ್ದರೆ, 1 ಸೆಂಟಿಮೀಟರು ಸಾಗುವಷ್ಟರಲ್ಲಿ ಬೆಳಕು ಶೇಕಡ 37ಕ್ಕೂ, 2 ಸೆಂಟಿಮೀಟರಿನಲ್ಲಿ ಶೇಕಡ 14ಕ್ಕೂ, 5 ಸೆಂಟಿಮೀಟರಿನಲ್ಲಿ ಶೇಕಡ ಒಂದಕ್ಕಿಂತ ಕಡಿಮೆಗೂ ಇಳಿಯುತ್ತದೆ. ಇದಕ್ಕೆ ಏಕಮಾನವುಂಟು, ಇದು ಒಳಗಿನ ದ್ರವ್ಯದ ಗುಣ. ರಸಾಯನಶಾಸ್ತ್ರಜ್ಞರು ಇದನ್ನು ದ್ರಾವಣದ ಸಾರತೆಯಿಂದ ಭಾಗಿಸಿ, ಹತ್ತನ್ನು ಆಧಾರವಾಗುಳ್ಳ ಲಾಗರಿತಮ್ಮಿನಲ್ಲಿ ಹೇಳಿದಾಗ ಮೋಲಾರ್ ಅವಶೋಷಕತೆ ಬರುತ್ತದೆ. ಲಾಗರಿತಮ್ಮಿನ ಆಧಾರ ಬೇರೆಯಾದುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ 2.303ರ ಗುಣಕವನ್ನು ಮರೆಯಬಾರದು.

ಗುಣಾಂಕವು ತರಂಗದೂರದೊಡನೆ ಎಷ್ಟು ವ್ಯತ್ಯಾಸ ಹೊಂದಬಹುದೆಂಬುದಕ್ಕೆ ಶುದ್ಧಜಲವನ್ನು ನೋಡಬಹುದು. ನೀಲಿ ಬೆಳಕಿಗೆ ಅದರ ಗುಣಾಂಕ ಮೀಟರಿಗೆ 0.01ರ ಆಸುಪಾಸು, ಹತ್ತಾರು ಮೀಟರು ಆಳಕ್ಕೆ ನೀಲಿ ಇಳಿಯಬಲ್ಲುದು. 3 ಮೈಕ್ರೊಮೀಟರಿನ ಅವಕೆಂಪಿಗಾದರೋ ಅದು ಸೆಂಟಿಮೀಟರಿಗೆ 10,000ದಷ್ಟು. ಒಂದು ಮೈಕ್ರೊಮೀಟರು ದಪ್ಪದ ನೀರಿನ ಪೊರೆಯೇ ಬೆಳಕಿನ ಬಹುಭಾಗವನ್ನು ನುಂಗಿಬಿಡುತ್ತದೆ. 'ನೀರು ಪಾರದರ್ಶಕ' ಎಂಬ ಮಾತು ನಮ್ಮ ಕಣ್ಣಿನ ಮಿತಿಯೊಳಗೆ ಮಾತ್ರ ಸತ್ಯ.

ಗುಣಾಂಕ ದೊಡ್ಡದಾದರೆ ಅವಶೋಷಕತೆಯೂ ದೊಡ್ಡದಾಗಬೇಕೆಂದು ವಿದ್ಯಾರ್ಥಿಗಳು ಊಹಿಸುವುದುಂಟು. ಇದು ತಪ್ಪು. ಕಾಣುವ ಬೆಳಕಿಗೆ ಅಲ್ಯೂಮಿನಿಯಮ್ಮಿನ ಅವಶೋಷಣ ಗುಣಾಂಕ ಸೆಂಟಿಮೀಟರಿಗೆ ಹತ್ತು ಲಕ್ಷವನ್ನು ಮೀರುತ್ತದೆ. ಆದರೂ ನಯಗೊಳಿಸಿದ ಅಲ್ಯೂಮಿನಿಯಂ ಬಿದ್ದ ಬೆಳಕಿನ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಹೀರುತ್ತದೆ. ಒಳಹೊಕ್ಕ ಬೆಳಕು ಉಳಿಯದೆಂಬುದು ನಿಜ. ಆದರೆ ಒಳಹೊಗುವುದಕ್ಕೇ ಹೆಚ್ಚಿನ ಬೆಳಕಿಗೆ ಅವಕಾಶವಿಲ್ಲ. ಕಾಡಿಗೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸ್ಥಿತಿ. ಅದರ ಕಣಗಳ ನಡುವಣ ಸಂದುಗಳಲ್ಲಿ ಬೆಳಕು ಸುಲಭವಾಗಿ ನುಗ್ಗಿ, ಪುಟಿದೆಡೆಯಲ್ಲೆಲ್ಲ ಸ್ವಲ್ಪಸ್ವಲ್ಪವಾಗಿ ಹೀರಲ್ಪಟ್ಟು ಹಿಂದಿರುಗದೆ ಹೋಗುತ್ತದೆ. ಒಳ್ಳೆಯ ಹೀರುಗನಿಗೆ ಎರಡು ಲಕ್ಷಣಗಳಿರಬೇಕು: ಬಾಗಿಲು ತೆರೆದಿರಬೇಕು, ಒಳಗೆ ಬಂದುದನ್ನು ಬಿಡಬಾರದು. ಮೈಲುತುತ್ತದ ದಪ್ಪ ಹರಳು ಗಾಢ ನೀಲಿಯಾಗಿದ್ದು, ಅದನ್ನೇ ನುಣ್ಣಗೆ ಅರೆದಾಗ ಪುಡಿ ಪೇಲವವಾಗುವುದನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ಕಂಡಿದ್ದಾರೆ. ದ್ರವ್ಯದ ಗುಣಾಂಕ ಬದಲಾಗಿಲ್ಲ. ಬೆಳಕು ಹರಳಿನೊಳಗೆ ನಡೆಯುವ ದಾರಿ ಮೊಟಕಾಗಿದೆ. ಆದ್ದರಿಂದ ಗುಣಾಂಕವು ದ್ರವ್ಯಕ್ಕೆ ಸೇರಿದ್ದು, ಅವಶೋಷಕತೆಯು ನಮ್ಮ ಮುಂದಿರುವ ನಿರ್ದಿಷ್ಟ ತುಂಡಿಗೆ ಸೇರಿದ್ದು ಎಂದು ನೆನಪಿಡುವುದು ಲೇಸು.

ಕಿರ್ಖಾಫನ ನಿಯಮ

ಹೀರುವ ಮೈ ಹೊರಸೂಸಲೂ ಬಲ್ಲದು. ಇವೆರಡರ ಸಂಬಂಧವನ್ನು ಜರ್ಮನಿಯ ಗುಸ್ಟಾಫ್ ಕಿರ್ಖಾಫನು 1859ರಲ್ಲಿ ಸ್ಥಾಪಿಸಿದನು. ಎಲ್ಲೆಡೆಯೂ ಒಂದೇ ಉಷ್ಣತೆಯಿರುವ ಮುಚ್ಚಿದ ಆವರಣದೊಳಗೆ ಅದೇ ಉಷ್ಣತೆಯ ಒಂದು ವಸ್ತುವನ್ನು ಇಟ್ಟಿದ್ದೇವೆನ್ನೋಣ. ಅದು ತಾನು ಹೊರಸೂಸುವುದಕ್ಕಿಂತ ಹೆಚ್ಚು ಹೀರುವುದಾದರೆ ತಾನಾಗಿಯೇ ಸುತ್ತಣ ಗೋಡೆಗಿಂತ ಬಿಸಿಯಾಗಬೇಕು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಅದಕ್ಕೆ ಎಡೆಗೊಡದು. ಈ ವಾದವನ್ನು ಒಂದೊಂದು ತರಂಗದೂರಕ್ಕೂ ವಿಸ್ತರಿಸಿದರೆ, ಒಂದು ಉಷ್ಣತೆಯಲ್ಲಿ, ಒಂದು ತರಂಗದೂರದಲ್ಲಿ, ಒಂದು ದಿಕ್ಕಿನಲ್ಲಿ ಮೈಯ ಉತ್ಸರ್ಜಕತೆಯು ಅದರ ಅವಶೋಷಕತೆಗೆ ಸಮನೆಂದು ಸಿದ್ಧವಾಗುತ್ತದೆ. ಉತ್ಸರ್ಜಕತೆಯೆಂದರೆ, ಎಲ್ಲವನ್ನೂ ಹೀರುವ ಆದರ್ಶ ಕೃಷ್ಣಕಾಯವು ಅದೇ ಉಷ್ಣತೆಯಲ್ಲಿ ಹೊರಸೂಸುವುದರಲ್ಲಿ ಈ ಮೈ ಎಷ್ಟು ಅಂಶವನ್ನು ಹೊರಸೂಸುತ್ತದೆ ಎಂಬುದು. ಆ ಕೃಷ್ಣಕಾಯದ ವಿಕಿರಣದ ಹಂಚಿಕೆಯನ್ನು ವಿವರಿಸಲು ಹೊರಟ ಪ್ಲಾಂಕನು 1900ರಲ್ಲಿ ಶಕ್ತಿಯ ಕಂತಿನ ಕಲ್ಪನೆಯನ್ನು ಮುಂದಿಟ್ಟದ್ದು ಎಲ್ಲರಿಗೂ ತಿಳಿದ ವಿಷಯ.

ನಿಯಮದ ನಿಬಂಧನೆಗಳನ್ನು ಬಿಟ್ಟು ಅದನ್ನು 'ಒಳ್ಳೆಯ ಹೀರುಗ ಒಳ್ಳೆಯ ಸೂಸುಗ' ಎಂದು ಮೊಟಕುಗೊಳಿಸಿದಲ್ಲಿಯೇ ಅನರ್ಥ. ಹಾಗಾದಾಗ ವಿದ್ಯಾರ್ಥಿಯು ಬಿಸಿಲಿನ ಅವಶೋಷಕತೆಯನ್ನು ನೆಲದ ಉಷ್ಣತೆಯ ಉತ್ಸರ್ಜಕತೆಯೊಡನೆ ಸಮೀಕರಿಸುತ್ತಾನೆ. ಇವು ಬೇರೆ ಬೇರೆ ತರಂಗದೂರಗಳ ಸರಾಸರಿಗಳು. ಸಮವಾಗಬೇಕೆಂದು ಕಿರ್ಖಾಫನು ಎಂದೂ ಹೇಳಲಿಲ್ಲ. 1804ರಲ್ಲಿಯೇ ಜಾನ್ ಲೆಸ್ಲಿಯು, ಬಿಸಿನೀರು ತುಂಬಿದ ಘನಾಕೃತಿಯ ಡಬ್ಬಿಯ ಒಂದೊಂದು ಮುಖಕ್ಕೂ ಬೇರೆಬೇರೆ ಹೊದಿಕೆ ಕೊಟ್ಟು ಅಳೆದಾಗ, ಬಿಳಿಯ ಕಾಗದದ ಮುಖ ಕಾಡಿಗೆಯ ಮುಖಕ್ಕೆ ಬಹುಮಟ್ಟಿಗೆ ಸಮನಾಗಿ ಶಾಖವನ್ನು ಸೂಸುವುದನ್ನೂ, ನಯವಾದ ಲೋಹದ ಮುಖ ಬಹಳ ಹಿಂದುಳಿಯುವುದನ್ನೂ ಕಂಡಿದ್ದನು. ಶಾಖದ ವಿಕಿರಣಕ್ಕೆ ಕಣ್ಣಿನ ಬಣ್ಣ ಪ್ರಮಾಣವಲ್ಲವೆಂಬುದು ಅಂದೇ ಸ್ಪಷ್ಟವಾಗಿತ್ತು.

ತಗಡು ಮತ್ತು ಸುಣ್ಣ

ಈಗ ನಮ್ಮ ಎರಡು ತುಂಡುಗಳಿಗೆ ಹಿಂದಿರುಗೋಣ. ಬಿಸಿಲಿಗೆ ಹೊಸ ತಗಡಿನ ಅವಶೋಷಕತೆ ಸುಮಾರು 0.65, ಶಾಖದ ವಿಕಿರಣಕ್ಕೆ ಅದರ ಉತ್ಸರ್ಜಕತೆ 0.2, ಸುಣ್ಣಕ್ಕೆ ಅವು ಅನುಕ್ರಮವಾಗಿ 0.2 ಮತ್ತು 0.9 ಎಂದು ಸ್ಥೂಲವಾಗಿ ಹಿಡಿಯೋಣ. ಚದರ ಮೀಟರಿಗೆ 900 ವ್ಯಾಟು ಬಿಸಿಲೂ, ಆಕಾಶದಿಂದ 400 ವ್ಯಾಟು ಶಾಖದ ವಿಕಿರಣವೂ ಬೀಳುತ್ತಿವೆಯೆನ್ನೋಣ. ಎರಡು ತುಂಡುಗಳೂ 60 ಡಿಗ್ರಿ ಸೆಲ್ಸಿಯಸಿನಲ್ಲಿದ್ದರೆ ಮೇಲ್ಮೈಯ ಜಮಾಖರ್ಚು ಹೇಗಾಗುತ್ತದೆ? ಆ ಉಷ್ಣತೆಯಲ್ಲಿ ಕೃಷ್ಣಕಾಯವು ಚದರ ಮೀಟರಿಗೆ ಸುಮಾರು 700 ವ್ಯಾಟುಗಳನ್ನು ಹೊರಸೂಸುತ್ತದೆ.

ತಗಡು ಬಿಸಿಲಿನಿಂದ 585, ಆಕಾಶದಿಂದ 80, ಒಟ್ಟು 665 ವ್ಯಾಟು ಪಡೆದು 140ನ್ನು ಮಾತ್ರ ಹೊರಸೂಸುತ್ತದೆ. ಉಳಿದ 525 ವ್ಯಾಟುಗಳನ್ನು ಗಾಳಿಯೂ ಕೆಳಗಿನ ಕೋಣೆಯೂ ಹೊರಬೇಕು. ಸುಣ್ಣದ ಮೈ ಬಿಸಿಲಿನಿಂದ 180, ಆಕಾಶದಿಂದ 360, ಒಟ್ಟು 540 ವ್ಯಾಟು ಪಡೆದು 630ನ್ನು ಹೊರಸೂಸುತ್ತದೆ. ಎಂದರೆ ಗಾಳಿಯ ನೆರವಿಲ್ಲದಿದ್ದರೂ ಅದು 60 ಡಿಗ್ರಿಯಲ್ಲಿ ನಿಲ್ಲಲಾರದು, ತಣ್ಣಗಾಗಲೇಬೇಕು. ತಗಡು ಹೆಚ್ಚು ಗಳಿಸಿ ಕಡಿಮೆ ವೆಚ್ಚ ಮಾಡುತ್ತದೆ. ಸುಣ್ಣ ಕಡಿಮೆ ಗಳಿಸಿ ಧಾರಾಳವಾಗಿ ವೆಚ್ಚ ಮಾಡುತ್ತದೆ. ಒಗಟು ಬಿಡಿಸಿದಂತಾಯಿತು.

ನಿರ್ವಾತದಲ್ಲಿ

ಗಾಳಿಯೇ ಇಲ್ಲದ ಎಡೆಯಲ್ಲಿ ಈ ಲೆಕ್ಕ ಇನ್ನೂ ಕಟ್ಟುನಿಟ್ಟಾದುದು. ಭೂಮಿಯಷ್ಟೇ ದೂರದಲ್ಲಿ ಸೂರ್ಯನಿಗೆ ಎದುರಾಗಿರುವ, ಎಲ್ಲೆಡೆಯೂ ಒಂದೇ ಉಷ್ಣತೆಯಿರುವ ಒಂದು ಗೋಳವನ್ನು ಭಾವಿಸೋಣ. ಅಲ್ಲಿ ಬಿಸಿಲು ಚದರ ಮೀಟರಿಗೆ 1,361 ವ್ಯಾಟು. ಭೂಮಿಯಿಂದ ಬರುವ ವಿಕಿರಣವನ್ನು ಗಣಿಸದಿದ್ದರೆ, ಬಿಸಿಲಿನ ಅವಶೋಷಕತೆಯೂ ಶಾಖದ ಉತ್ಸರ್ಜಕತೆಯೂ ಸಮವಾಗಿರುವ ಗೋಳವು 278 ಕೆಲ್ವಿನ್ನಿನಲ್ಲಿ, ಎಂದರೆ 5 ಡಿಗ್ರಿ ಸೆಲ್ಸಿಯಸಿನಲ್ಲಿ ನಿಲ್ಲುತ್ತದೆ. ಅವಶೋಷಕತೆ ಉತ್ಸರ್ಜಕತೆಯ ನಾಲ್ಕರಷ್ಟಾದರೆ ಅದು 120 ಡಿಗ್ರಿಗೆ ಏರುತ್ತದೆ; ಕಾಲುಭಾಗವಾದರೆ ಸೊನ್ನೆಯ ಕೆಳಗೆ 76 ಡಿಗ್ರಿಗೆ ಇಳಿಯುತ್ತದೆ. ಒಂದು ತೆಳ್ಳನೆಯ ಬಣ್ಣದ ಲೇಪವೇ ಕುದಿಯುವ ನೀರಿಗಿಂತ ಬಿಸಿಯನ್ನೂ ಹಿಮಕ್ಕಿಂತ ತಂಪನ್ನೂ ನಿರ್ಧರಿಸುವುದು. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಕಕ್ಷೆಗೇರಿದ ಆರ್ಯಭಟ ಉಪಗ್ರಹ ಮೊದಲುಗೊಂಡು ಇಂದಿನವರೆಗಿನ ಎಲ್ಲ ಉಪಗ್ರಹಗಳ ನಿರ್ಮಾಪಕರೂ ಈ ನಿಷ್ಪತ್ತಿಗೆ ಗಮನ ಕೊಡಲೇಬೇಕಾಗಿ ಬಂದಿದೆ.

ನೆಲದ ಮೇಲೆಯೂ ಇದರ ಉಪಯೋಗ ಬೆಳೆದಿದೆ. ಮನೆಯ ಮೇಲಿನ ಸೌರ ಜಲತಾಪಕದ ಫಲಕಕ್ಕೆ ಬಿಸಿಲನ್ನು ಹೀರುವ, ಆದರೆ ಶಾಖವನ್ನು ಸೂಸದ ಲೇಪವನ್ನು ಕೊಡುತ್ತಾರೆ. ಇದಕ್ಕೆ ವಿರುದ್ಧವಾದ ಗುಣವುಳ್ಳ ಮೈಯನ್ನು 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಚಿಸಿದರು. ಅದು ಬಿಸಿಲಿನ ಶೇಕಡ 97ರಷ್ಟನ್ನು ಹಿಂದಿರುಗಿಸಿ, ವಾಯುಮಂಡಲವು ಪಾರದರ್ಶಕವಾಗಿರುವ 8ರಿಂದ 13 ಮೈಕ್ರೊಮೀಟರುಗಳ ಕಿಂಡಿಯ ಮೂಲಕ ಶಾಖವನ್ನು ಆಕಾಶಕ್ಕೆ ಸೂಸುತ್ತ, ನೇರ ಬಿಸಿಲಿನಲ್ಲಿಯೂ ಸುತ್ತಲಿನ ಗಾಳಿಗಿಂತ ಸುಮಾರು 5 ಡಿಗ್ರಿ ತಂಪಾಗಿ ಉಳಿಯಿತು. ಸುಣ್ಣ ಬಳಿದ ಮಾಡು ಇದೇ ದಾರಿಯ ಹಳೆಯ ಪಯಣಿಗ.

ಉಪಸಂಹಾರ

ಅವಶೋಷಕತೆಯ ಒಂದು ಸಂಖ್ಯೆ ಎದುರಾದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂದು ನಾವು ಅಧ್ಯಾಪಕಮಿತ್ರರಲ್ಲಿ ಬಿನ್ನವಿಸುತ್ತೇವೆ. ಇದು ಯಾವ ವಿಕಿರಣಕ್ಕೆ ಸಂಬಂಧಿಸಿದ್ದು? ಮೈಯ ಸ್ಥಿತಿಯೇನು, ಪದರದ ದಪ್ಪವೆಷ್ಟು? ಇದು ಏಕಮಾನವಿಲ್ಲದ ಅಂಶವೋ, ಏಕಮಾನವುಳ್ಳ ಗುಣಾಂಕವೋ? ಈ ಮೂರಕ್ಕೆ ಉತ್ತರ ದೊರೆಯದ ಸಂಖ್ಯೆಯನ್ನು ಲೆಕ್ಕದಲ್ಲಿ ಬಳಸದಿರುವುದೇ ಮೇಲು. ತಗಡಿನ ಎರಡು ತುಂಡು, ಒಂದು ಹಿಡಿ ಸುಣ್ಣ, ಎರಡು ಉಷ್ಣಮಾಪಕಗಳು: ಯಾವ ಕಾಲೇಜಿಗೂ ಇವು ದುರ್ಲಭವಲ್ಲ. ಬಿಸಿಲಿಗಂತೂ ನಮ್ಮಲ್ಲಿ ಕೊರತೆಯಿಲ್ಲ. ಪ್ರಯೋಗವನ್ನು ಮಾಡಿ, ವ್ಯತ್ಯಾಸವನ್ನು ಮೊದಲು ಅಳೆದು, ಅನಂತರ ಕಾರಣವನ್ನು ವಿಚಾರಿಸಿದರೆ, ಕಪ್ಪು ಬಿಳುಪುಗಳ ಪಾಠವು ವಿದ್ಯಾರ್ಥಿಯ ಮನಸ್ಸಿನಲ್ಲಿ ಸರಿಯಾದ ನೆಲೆಯಲ್ಲಿ ನಿಲ್ಲುವುದೆಂದು ನಮ್ಮ ನಂಬಿಕೆ.